ಆಕಾಶದ ಜಾತ್ರೆ ಯಾರಿಗಾಗಿ?

(ಗೌಡಗೆರೆಯಲ್ಲಿ ಈಚೆಗೆ ಸೇರಿದ್ದ ಬಹಿರಂಗ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ದಿನದ ದುಡಿಮೆ ಮುಗಿಸಿ, ಮನೆಯಲ್ಲಿ ಮುದ್ದೆ ಆರುತ್ತಿದ್ದರೂ ಲೆಕ್ಕಿಸದೆ ಇಷ್ಟು ಜನ ಸೇರಿದ್ದೀರಿ. ಕೆರೆಯ ಹೂಳು, ಬೋರ್‌ವೆಲ್ಲಿನ ಕರೆಂಟು, ಕಡಲೆಕಾಯಿಯ ಬೆಲೆ, ಇವುಗಳಲ್ಲಿ ಯಾವುದಾದರೂ ಒಂದನ್ನು ಕುರಿತು ನಾವು ಮಾತನಾಡುತ್ತೇವೆಂದು ನೀವು ಎಣಿಸಿರಬಹುದು. ಇಂದು ನಾವು ಮಾತನಾಡುವುದು ವಿಮಾನದ ವಿಷಯ. ನಗಬೇಡಿ. ನೆಲದ ಮೇಲಿನ ಕಷ್ಟವೇ ಸಾಕಷ್ಟಿರುವಾಗ ಆಕಾಶದ ಗೊಡವೆ ನಮಗೇಕೆ ಎಂದು ಹಿರಿಯರೊಬ್ಬರು ಈಗತಾನೆ ಕೇಳಿದರು. ಆಕಾಶದಲ್ಲಿ ನಡೆಯುವುದಕ್ಕೂ ನೆಲದ ಮೇಲೆ ನಡೆಯುವುದಕ್ಕೂ ಇರುವ ಸಂಬಂಧವನ್ನು ತಿಳಿಯಲೆಂದೇ ಈ ಮಾತು.

ಹೋದ ವಾರ ಈ ಊರಿನ ನಾಲ್ಕಾರು ಹುಡುಗರು ಒಂದು ಮನವಿಪತ್ರವನ್ನು ತಂದು ನಮ್ಮ ಮುಂದಿಟ್ಟರು. ಅದರಲ್ಲಿ ಎರಡು ಬೇಡಿಕೆಗಳಿದ್ದವು. ಒಂದು, ಬೆಂಗಳೂರಿನ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ‘ಏರೋ ಇಂಡಿಯಾ’ ಎಂಬ ವೈಮಾನಿಕ ಪ್ರದರ್ಶನವನ್ನು ಯಾವ ಕಾರಣಕ್ಕೂ ಬೇರೆ ರಾಜ್ಯಕ್ಕೆ ಕೊಡಬಾರದು. ಎರಡು, ನಮ್ಮ ತುಮಕೂರು ಜಿಲ್ಲೆಯಲ್ಲಿಯೂ ವಾಯುಪಡೆಯ ಕಸರತ್ತಿನ ಪ್ರದರ್ಶನ ಏರ್ಪಡಿಸಬೇಕು. “ಮೇಷ್ಟ್ರೇ, ಮೊದಲ ರುಜು ನಿಮ್ಮದೇ” ಎಂದರು. ಮೇಷ್ಟರ ಕೆಲಸ ಬಿಟ್ಟು ವರ್ಷಗಳಾದರೂ ಆ ಹೆಸರು ನಮ್ಮನ್ನು ಬಿಟ್ಟಿಲ್ಲ. ರುಜು ಹಾಕಲು ಲೇಖನಿ ತೆಗೆದವರು ಹಾಗೆಯೇ ನಿಲ್ಲಿಸಿದೆವು. ಊರವರ ಮುಂದೆ ಚರ್ಚೆಯಾಗಲಿ, ಆಮೇಲೆ ರುಜು ಎಂದೆವು. ಏಕೆ ನಿಲ್ಲಿಸಿದೆವೆಂಬುದನ್ನು ನಿಮ್ಮ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯ.

ಬೇಲಿಯಾಚೆ ನಿಂತು ಕಂಡದ್ದು

2017ರ ಫೆಬ್ರವರಿಯ ಮಾತು. ಆಗ ನಾವು ಈ ಸೀಮೆಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಓದಿದ್ದು ಮೆಟ್ರಿಕ್ಕಿನವರೆಗೆ ಮಾತ್ರ. ಆದರೆ ಮಕ್ಕಳಿಗೆ ಲೋಕವನ್ನು ತೋರಿಸಬೇಕೆಂಬ ಹುಚ್ಚಿಗೆ ಕಡಿಮೆಯಿರಲಿಲ್ಲ. ಊರವರಿಂದ ಚಂದಾ ಎತ್ತಿ, ಒಂದು ಟೆಂಪೋ ಮಾಡಿಕೊಂಡು, ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ಯಲಹಂಕಕ್ಕೆ ಕರೆದೊಯ್ದೆವು. ಒಳಗೆ ಹೋಗುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಬೇಲಿಯಾಚೆ ರಸ್ತೆಯ ಬದಿಯಲ್ಲಿ ನಮ್ಮಂಥವರೇ ಸಾವಿರಾರು ಜನ ಕತ್ತೆತ್ತಿ ನಿಂತಿದ್ದರು. ನಾವೂ ಅಲ್ಲೇ ಬುತ್ತಿ ಬಿಚ್ಚಿ ನಿಂತೆವು.

ಸೂರ್ಯಕಿರಣ ತಂಡದ ಕೆಂಪು ಬಿಳಿ ಬಣ್ಣದ ವಿಮಾನಗಳು ಬಂದವು. ಹೊಗೆಯ ಗೆರೆ ಎಳೆದವು, ಮಗುಚಿದವು, ಮೇಲೆದ್ದವು. ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು. ನಮ್ಮ ಮೈಯೂ ಜುಮ್ಮೆಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಆರನೇ ತರಗತಿಯ ಒಬ್ಬ ಹುಡುಗ ನಮ್ಮ ಅಂಗಿ ಜಗ್ಗಿ ಕೇಳಿದ: “ಮೇಷ್ಟ್ರೇ, ಅದರೊಳಗೆ ಯಾರವ್ರೆ?”

ಪೈಲಟ್‌ಗಳಿರುತ್ತಾರೆ ಎಂದೆವು. “ಅವರಿಗೆ ಹೆದರಿಕೆ ಆಗಲ್ವಾ?” ಎಂದ. ದೇಶಕ್ಕಾಗಿ ಹಾರುವವರಿಗೆ ಹೆದರಿಕೆಯಿಲ್ಲ ಎಂದು ಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳಿದೆವು.

ಎರಡು ವರ್ಷ ಕಳೆಯಿತು. 2019ರ ಫೆಬ್ರವರಿ 19. ಮರುದಿನ ಪ್ರದರ್ಶನ ಆರಂಭವಾಗಬೇಕು. ತಾಲೀಮಿನಲ್ಲಿದ್ದ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಯಲಹಂಕದ ಮೇಲೆ ಒಂದಕ್ಕೊಂದು ತಗುಲಿ ಬಿದ್ದವು. ಇಬ್ಬರು ಪೈಲಟ್‌ಗಳು ಹೊರಚಿಮ್ಮಿ ಉಳಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಉಳಿಯಲಿಲ್ಲ. ಅಂದು ಸಂಜೆ ಅದೇ ಹುಡುಗ, ಆಗ ಎಂಟನೇ ತರಗತಿ, ಮನೆಯ ಬಾಗಿಲಿಗೆ ಬಂದ. “ಅವತ್ತು ನಾವು ನೋಡಿದ್ದು ಇವರನ್ನೇನಾ ಮೇಷ್ಟ್ರೇ?” ಎಂದ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಪ್ರದರ್ಶನ ನಿಗದಿಯಂತೆ ಆರಂಭವಾಯಿತು.

ಬಂಧುಗಳೇ, ಅಂದಿನಿಂದ ಆ ಹುಡುಗನ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಇವತ್ತಿನ ಭಾಷಣವೆಲ್ಲ ಆ ಒಂದು ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ: ಅದರೊಳಗೆ ಯಾರಿದ್ದಾರೆ? ಅದರ ಕೆಳಗೆ ಯಾರಿದ್ದಾರೆ? ಅದರಿಂದ ಗಿಟ್ಟಿಸುವವರು ಯಾರು?

ಜಾತ್ರೆಯೋ, ಸಂತೆಯೋ?

ಮೊದಲು ಈ ಏರೋ ಇಂಡಿಯಾ ಎಂದರೇನೆಂಬುದನ್ನು ತಿಳಿಯೋಣ. 1996ರಲ್ಲಿ ಆರಂಭವಾಗಿ, ಎರಡು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ನಡೆದು ಬಂದಿದೆ. 2025ರ ಫೆಬ್ರವರಿ 10ರಿಂದ 14ರವರೆಗೆ ನಡೆದದ್ದು 15ನೆಯದು. ಅದರ ನಂತರದ ಸರದಿ 2027ರದು. ಇದನ್ನು ನಡೆಸುವುದು ಕೇಂದ್ರದ ರಕ್ಷಣಾ ಇಲಾಖೆ. ಬಯಲು ವಾಯುಪಡೆಯದು.

ನಮ್ಮ ಜಾತ್ರೆಯಲ್ಲಿ ಎರಡು ಭಾಗವಿರುತ್ತದೆ. ಒಂದು ತೇರು, ಇನ್ನೊಂದು ದನದ ಸಂತೆ. ತೇರು ನೋಡಲು ಎಲ್ಲರೂ ಬರುತ್ತಾರೆ. ಹಣ ಕೈ ಬದಲಾಯಿಸುವುದು ಸಂತೆಯಲ್ಲಿ. ಏರೋ ಇಂಡಿಯಾವೂ ಹಾಗೆಯೇ. ಮೇಲೆ ಹಾರುವ ವಿಮಾನ ತೇರು. ಕೆಳಗಿನ ಮಳಿಗೆಗಳಲ್ಲಿ ನಡೆಯುವುದು ಯುದ್ಧವಿಮಾನ, ಕ್ಷಿಪಣಿ, ರೇಡಾರ್, ಡ್ರೋನ್‌ಗಳ ಸಂತೆ. 2025ರಲ್ಲಿ ರಷ್ಯದ ಸುಖೋಯ್-57 ಮತ್ತು ಅಮೆರಿಕದ ಎಫ್-35, ಒಬ್ಬರ ಮುಖ ಒಬ್ಬರು ನೋಡದ ಎರಡು ದೇಶಗಳ ವಿಮಾನಗಳು, ಒಂದೇ ಬಯಲಿಗೆ ಬಂದವು. ಸ್ನೇಹಕ್ಕೆಂದು ಬಂದವೇ? ಗಿರಾಕಿ ಒಬ್ಬನೇ ಆಗಿದ್ದರಿಂದ ಬಂದವು. ಆ ಗಿರಾಕಿ ಯಾರು? ನಿಮ್ಮ ಹಣದಲ್ಲಿ ಕೊಳ್ಳುವ ಭಾರತ ಸರ್ಕಾರ. ನೀವು ಕೊಳ್ಳುವ ಬೆಂಕಿಪೊಟ್ಟಣದ ತೆರಿಗೆಯೂ ಅದರಲ್ಲಿ ಸೇರಿದೆ.

ಆ ಸಲ ಮೊದಲ ಮೂರು ದಿನ ವ್ಯಾಪಾರಿಗಳಿಗೆ ಮೀಸಲು; ಕೊನೆಯ ಎರಡು ದಿನ ಸಾರ್ವಜನಿಕರಿಗೆ. ಬರಿಯ ಹಾರಾಟ ನೋಡುವ ಜಾಗದ ಚೀಟಿಗೇ ತಲೆಗೆ 1,000 ರೂಪಾಯಿ. ಮಳಿಗೆಗಳನ್ನೂ ನೋಡುವುದಾದರೆ 2,500. ಆಗ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ. ಅಂದರೆ ಗೌಡಗೆರೆಯ ಒಬ್ಬ ಕೂಲಿಗಾರ ತನ್ನ ಒಬ್ಬ ಮಗನಿಗೆ ಆ ಹಾರಾಟವನ್ನು ತೋರಿಸಬೇಕಾದರೆ ಮೂರು ದಿನ ಮಣ್ಣು ಹೊರಬೇಕು. ದಾರಿಯ ಖರ್ಚು ಬೇರೆ. ಸರ್ಕಾರದ ಬಯಲು, ಸರ್ಕಾರದ ವಿಮಾನ, ಸರ್ಕಾರದ ಸಂಬಳದ ಪೈಲಟ್. ಆದರೆ ಸರ್ಕಾರಕ್ಕೆ ಹಣ ಕೊಟ್ಟವನು ನಿಲ್ಲುವುದು ಬೇಲಿಯಾಚೆ.

ಇನ್ನೊಂದು ಸಂಗತಿಯನ್ನು ಪತ್ರಿಕೆಗಳು ಮೂಲೆಯಲ್ಲಿ ಅಚ್ಚು ಹಾಕಿ ಮರೆತವು. ಮಾಂಸದ ಚೂರು ಬಿದ್ದ ಕಡೆ ಹದ್ದುಗಳು ಸೇರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅಪಾಯ ಎಂಬ ಕಾರಣ ಕೊಟ್ಟು, ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್‌ವರೆಗೆ ಮಾಂಸದಂಗಡಿಗಳನ್ನೂ ಮಾಂಸಾಹಾರದ ಹೋಟೆಲುಗಳನ್ನೂ ಮುಚ್ಚಬೇಕೆಂದು ಬೆಂಗಳೂರು ನಗರಪಾಲಿಕೆ 2025ರಲ್ಲಿ ಆಜ್ಞೆ ಮಾಡಿತು. ಜನವರಿ 23ರಿಂದ ಫೆಬ್ರವರಿ 17ರವರೆಗೆ, ಅಂದರೆ ಇಪ್ಪತ್ತಾರು ದಿನ. ಹಕ್ಕಿಯ ಅಪಾಯ ಸುಳ್ಳಲ್ಲ. ವಿಮಾನ ಹಾರಿಸುವವರು ಎಚ್ಚರ ವಹಿಸಲೇಬೇಕು. ಆದರೆ ಐದು ದಿನದ ಪ್ರದರ್ಶನಕ್ಕಾಗಿ ಇಪ್ಪತ್ತಾರು ದಿನ ಬಾಗಿಲು ಹಾಕಿದ ಸಣ್ಣ ಅಂಗಡಿಯವನ ಒಲೆ ಹೇಗೆ ಉರಿಯಬೇಕು? ಶಿರಾ ಸೀಮೆಯಿಂದ ಕುರಿ ಮೇಕೆ ಹೊಡೆದುಕೊಂಡು ಹೋಗಿ ಮಾರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿದ್ದವರ ಲೆಕ್ಕ

ಈಗ ಪೈಲಟ್‌ಗಳ ಮಾತು. ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ನಮ್ಮ ಬೀದರಿನ ವಾಯುನೆಲೆಯಲ್ಲಿ. ಒಂಬತ್ತು ವಿಮಾನಗಳು ಒಟ್ಟಿಗೆ ಹಾರುವಾಗ ಒಂದರ ರೆಕ್ಕೆಗೂ ಇನ್ನೊಂದರ ರೆಕ್ಕೆಗೂ ನಡುವೆ ಐದು ಮೀಟರಿಗೂ ಕಡಿಮೆ ಅಂತರ. ಎತ್ತು ಹೂಡಿದ ಒಂದು ಗಾಡಿ ಅಡ್ಡಲಾಗಿ ನಿಲ್ಲುವಷ್ಟು ಜಾಗವೂ ಅಲ್ಲ. ಅಷ್ಟು ಸಮೀಪದಲ್ಲಿ, ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ, ತಲೆ ಕೆಳಗಾಗಿ ಹಾರಬೇಕು. ಕಣ್ಣು ಮಿಟುಕಿಸುವಷ್ಟು ತಪ್ಪಿದರೂ ತಿದ್ದಿಕೊಳ್ಳಲು ಹೊತ್ತಿಲ್ಲ.

2006ರ ಮಾರ್ಚಿಯಲ್ಲಿ ಬೀದರಿನ ಬಳಿ ಇದೇ ತಂಡದ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. 2007ರ ಫೆಬ್ರವರಿ 2ರಂದು ಯಲಹಂಕದಲ್ಲಿ, ಆ ಸಲದ ಏರೋ ಇಂಡಿಯಾಕ್ಕೆ ತಾಲೀಮು ಮಾಡುತ್ತಿದ್ದ ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರ್ ಬಿದ್ದು ಸಹಪೈಲಟ್ ಸತ್ತರು. 2010ರ ಮಾರ್ಚ್ 3ರಂದು ಹೈದರಾಬಾದಿನ ಪ್ರದರ್ಶನದಲ್ಲಿ ನೌಕಾಪಡೆಯ ತಂಡದ ವಿಮಾನ ಜನವಸತಿಯ ಕಟ್ಟಡದ ಮೇಲೆಯೇ ಬಿದ್ದಿತು. ಇಬ್ಬರು ಅಧಿಕಾರಿಗಳು ಹೋದರು. 2019ರದನ್ನು ಆಗಲೇ ಹೇಳಿದೆವು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದ ಕೊನೆಯ ದಿನ, ಬೆಂಗಳೂರಿನ ಎಚ್‌.ಎ.ಎಲ್. ಕಾರ್ಖಾನೆಯಲ್ಲಿ ಸಿದ್ಧವಾದ ತೇಜಸ್ ವಿಮಾನ ಕಸರತ್ತಿನ ನಡುವೆ ನೆಲಕ್ಕಪ್ಪಳಿಸಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಪ್ರಾಣ ಕಳೆದುಕೊಂಡರು.

ಅಂದು ದುಬೈಯಲ್ಲಿ ಏನಾಯಿತು ಗೊತ್ತೇ? ಬೆಂಕಿ ಆರಿಸಿದ ಮೇಲೆ ಅದೇ ಆಕಾಶದಲ್ಲಿ ಹಾರಾಟ ಮತ್ತೆ ಮುಂದುವರಿಯಿತು. ಅಮೆರಿಕದ ವಾಯುಪಡೆಯ ಒಂದು ತಂಡ ಸತ್ತವರ ಗೌರವಕ್ಕಾಗಿ ಅಂದು ಹಾರಲಿಲ್ಲ. ನಮ್ಮೂರಿನಲ್ಲಿ ತೇರಿನ ಚಕ್ರಕ್ಕೆ ಅಡ್ಡಮರ ಕೊಡುವವನು ಸಿಕ್ಕಿ ಸತ್ತರೆ ತೇರು ಅಲ್ಲೇ ನಿಲ್ಲುತ್ತದೆ. ದೇವರ ತೇರೇ ನಿಲ್ಲುವಾಗ ವ್ಯಾಪಾರದ ತೇರಿಗೆ ನಿಲ್ಲಲು ಏನು ಅಡ್ಡಿ?

ಜಾತ್ರೆಯಲ್ಲಿ ದೊಂಬರಾಟ ನೋಡಿದ್ದೀರಿ. ಹಗ್ಗದ ಮೇಲೆ ಆ ಹೆಣ್ಣುಮಗು ನಡೆಯುವಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಆ ಹೊಡೆತಕ್ಕೇ ನಾವು ಕಾಸು ಎಸೆಯುತ್ತೇವೆ. ಮಗು ಬಿದ್ದರೆ ಅಯ್ಯೋ ಎಂದು ಮುಂದಿನ ಅಂಗಡಿಗೆ ಹೋಗುತ್ತೇವೆ. ಹೊಟ್ಟೆಗಾಗಿ ಆ ಮಗುವನ್ನು ಹಗ್ಗಕ್ಕೆ ಹತ್ತಿಸುವುದು ತಪ್ಪೆಂದು ಇಂದು ಎಲ್ಲರೂ ಒಪ್ಪುತ್ತೇವೆ. ದೇಶದ ಕಾವಲಿಗೆಂದು ವರ್ಷಗಟ್ಟಲೆ ಕಲಿಸಿ ತಯಾರು ಮಾಡಿದ ಯುವಕನನ್ನು ಶಾಂತಿಕಾಲದಲ್ಲಿ, ಶತ್ರುವಿಲ್ಲದ ಆಕಾಶದಲ್ಲಿ, ಚಪ್ಪಾಳೆಗಾಗಿ ಅದೇ ಹಗ್ಗಕ್ಕೆ ಹತ್ತಿಸುವುದು ಹೇಗೆ ಸರಿಯಾಯಿತು? ಗಡಿಯಲ್ಲಿ ಸತ್ತರೆ ಕಾರಣವಿದೆ. ಪ್ರದರ್ಶನದಲ್ಲಿ ಸತ್ತರೆ ಆತನ ಮನೆಯವರಿಗೆ ಯಾವ ಕಾರಣ ಹೇಳೋಣ?

ನೋಡಬಂದವರ ಗತಿ

ಅಪಾಯ ಮೇಲಿರುವವರಿಗೆ ಮಾತ್ರವಲ್ಲ. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ಕಸರತ್ತಿನ ವಿಮಾನಗಳು ಡಿಕ್ಕಿಯಾಗಿ ಒಂದು ವಿಮಾನ ಜನರ ಮೇಲೆ ಬಿದ್ದಿತು; ಒಟ್ಟು 70 ಜನ ಸತ್ತರು. 2002ರಲ್ಲಿ ಉಕ್ರೇನಿನ ಲ್ವಿವ್‌ನಲ್ಲಿ ಯುದ್ಧವಿಮಾನ ನೋಡುಗರ ನಡುವೆ ನುಗ್ಗಿ 77 ಜನ ಸತ್ತರು. 2015ರಲ್ಲಿ ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಳೆಯ ಯುದ್ಧವಿಮಾನವೊಂದು ಹೆದ್ದಾರಿಗೆ ಬಿದ್ದು 11 ಜನ ಹೋದರು. ಆ ಹೆದ್ದಾರಿಯಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದವರೂ ಸತ್ತವರಲ್ಲಿದ್ದರು. ಅದಾದ ಮೇಲೆ ಅಲ್ಲಿ ನಿಯಮಗಳನ್ನು ಬಿಗಿಗೊಳಿಸಿದರು. ಹಳೆಯ ಜೆಟ್ ವಿಮಾನಗಳು ನೆಲದ ಮೇಲೆ ಲಾಗ ಹಾಕುವುದನ್ನು ನಿಲ್ಲಿಸಿದರು.

ನಮ್ಮಲ್ಲಿ ನೋಡಬಂದವರಿಗೆ ವಿಮಾನ ಬೀಳಬೇಕಾಗಿಯೂ ಇಲ್ಲ. 2019ರ ಫೆಬ್ರವರಿ 23ರಂದು ಯಲಹಂಕದ ಪ್ರದರ್ಶನಕ್ಕೆ ಬಂದವರು ಒಣಹುಲ್ಲಿನ ಬಯಲಿನಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ಬೆಂಕಿ ಹತ್ತಿ ಸುಮಾರು 300 ಕಾರುಗಳು ಬೂದಿಯಾದವು. ಪುಣ್ಯಕ್ಕೆ ಜೀವ ಹೋಗಲಿಲ್ಲ. 2024ರ ಅಕ್ಟೋಬರ್ 6ರಂದು ಮದರಾಸಿನ ಮರೀನಾ ತೀರದಲ್ಲಿ ಜೀವವೇ ಹೋಯಿತು. ವಾಯುಪಡೆಯ ಉತ್ಸವ ನೋಡಲು ಲಕ್ಷಾಂತರ ಜನ ಸೇರಿದರು. ಸುಡು ಬಿಸಿಲು, ನೆರಳಿಲ್ಲ, ಹೊರಹೋಗಲು ದಾರಿ ಸಾಲದು. ಐದು ಜನ ಸತ್ತರು; ಬಹಳ ಮಂದಿ ಆಸ್ಪತ್ರೆ ಸೇರಿದರು. ಆಕಾಶದಲ್ಲಿ ವಿಮಾನಗಳು ಗೆರೆ ತಪ್ಪಲಿಲ್ಲ. ನೆಲದ ಮೇಲೆ ಒಂದು ಗುಟುಕು ನೀರಿನ ಲೆಕ್ಕ ತಪ್ಪಿತು. ಸತ್ತವರಲ್ಲಿ ಒಬ್ಬರೂ ಗಣ್ಯರ ಶಾಮಿಯಾನದವರಲ್ಲ, ಎಲ್ಲರೂ ಬಯಲಿನಲ್ಲಿ ನಿಂತ ಜನ.

ತುಮಕೂರಿನಲ್ಲಿಯೂ ಪ್ರದರ್ಶನ ಬೇಕೆಂದು ಮನವಿ ಬರೆದ ಹುಡುಗರೇ, ಬೇಸಿಗೆಯ ಬಾಯಲ್ಲಿ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಒಂದು ಲಕ್ಷ ಜನ ಸೇರಿದರೆ ಅವರಿಗೆ ನೀರು ಎಲ್ಲಿಂದ ಎಂಬ ಸಾಲು ನಿಮ್ಮ ಮನವಿಯಲ್ಲಿದೆಯೇ? ನಾವು ಹುಡುಕಿದೆವು, ಸಿಗಲಿಲ್ಲ.

ವಿಮಾನಗಳೇ ಸಾಲದಾಗಿವೆ

ಪ್ರದರ್ಶನದ ಭವಿಷ್ಯ ಅನಿಶ್ಚಿತವಾಗಿರುವುದಕ್ಕೆ ಇನ್ನೊಂದು ಕಾರಣವಿದೆ. 2011ರ ಏರೋ ಇಂಡಿಯಾ ಮುಗಿದೊಡನೆ ಸೂರ್ಯಕಿರಣ ತಂಡವನ್ನೇ ನಿಲ್ಲಿಸಿದ್ದರು. ಏಕೆ? ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸಲು ವಿಮಾನಗಳು ಸಾಲದೆ ಬಂದವು. ತಂಡದ ಕಿರಣ್ ವಿಮಾನಗಳನ್ನು ತರಬೇತಿಗೆ ಒಯ್ದರು. ಪಾಠದ ಕೋಣೆಯ ಬೆಂಚನ್ನು ನಾಟಕದ ರಂಗಕ್ಕೆ ಹಾಕಿದ್ದವರು ಕೊನೆಗೆ ಪಾಠಕ್ಕೇ ಬೆಂಚಿಲ್ಲವೆಂದು ವಾಪಸು ತಂದ ಹಾಗೆ. 2015ರಲ್ಲಿ ಹಾಕ್ ವಿಮಾನಗಳೊಡನೆ ತಂಡ ಮತ್ತೆ ಹುಟ್ಟಿತು. ಸಿರಿವಂತ ಅಮೆರಿಕವೂ 2013ರಲ್ಲಿ ಖರ್ಚು ಕಡಿತ ಮಾಡಬೇಕಾಗಿ ಬಂದಾಗ ತನ್ನ ಕಸರತ್ತಿನ ತಂಡಗಳನ್ನು ನಿಲ್ಲಿಸಿತು.

ಇವತ್ತಿನ ಸ್ಥಿತಿ ಏನು? ನಮ್ಮ ವಾಯುಪಡೆಗೆ 42 ಯುದ್ಧವಿಮಾನ ದಳಗಳು ಬೇಕೆಂದು ಸರ್ಕಾರವೇ ಒಪ್ಪಿದೆ. 2025ರ ಸೆಪ್ಟೆಂಬರ್ 26ರಂದು ಮಿಗ್-21 ವಿಮಾನಗಳಿಗೆ ನಿವೃತ್ತಿ ಕೊಟ್ಟ ಮೇಲೆ ಉಳಿದದ್ದು 29. ಆ ಕೊರತೆ ತುಂಬಲೆಂದು 2021ರ ಏರೋ ಇಂಡಿಯಾದಲ್ಲಿಯೇ 83 ತೇಜಸ್ ವಿಮಾನಗಳ ಕರಾರು ಕೈಬದಲಾಯಿತು. ಫೋಟೋ ಹಿಡಿದರು, ಚಪ್ಪಾಳೆ ಬಿತ್ತು. ಮೊದಲ ವಿಮಾನ 2024ರ ಮಾರ್ಚಿಗೆ ಬರಬೇಕಿತ್ತು. ಅಮೆರಿಕದಿಂದ ಎಂಜಿನ್ ಬರುವುದು ತಡವಾಯಿತು. ಆ ಮುಂದಿನ ವರ್ಷ, 2025ರ ಏರೋ ಇಂಡಿಯಾದ ಹೊತ್ತಿಗೂ ಒಂದು ವಿಮಾನ ವಾಯುಪಡೆಯ ಕೈ ಸೇರಿರಲಿಲ್ಲ. ವಾಯುಪಡೆಯ ಮುಖ್ಯಸ್ಥರು ಅದೇ ಬಯಲಿನಲ್ಲಿ ನಿಂತು ತಮ್ಮ ಅಸಮಾಧಾನ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಅದೇ ಸಲ ಸಾರಂಗ್ ತಂಡ ಹಾರಲೇ ಇಲ್ಲ. ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲುಪಡೆಯ ಧ್ರುವ ಹೆಲಿಕಾಪ್ಟರ್ ಬಿದ್ದ ಮೇಲೆ ಆ ಜಾತಿಯ ಹೆಲಿಕಾಪ್ಟರುಗಳನ್ನೆಲ್ಲ ನೆಲಕ್ಕಿಳಿಸಿದ್ದರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮಲ್ಲಿದೆ. ಪ್ರದರ್ಶನ ಮಲ್ಲಿಗೆ. ಹಿಟ್ಟು ಯಾವುದೆಂದರೆ ಕಾರ್ಖಾನೆಯಲ್ಲಿ ಹೊತ್ತಿಗೆ ಸರಿಯಾಗಿ, ಗಟ್ಟಿಯಾಗಿ ಆಗಬೇಕಾದ ಕೆಲಸ.

“ಹೋಗಿಬಿಡುತ್ತೇವೆ” ಎಂಬ ಬೆದರಿಕೆ

ಇನ್ನು ಮನವಿಯ ಮೊದಲ ಬೇಡಿಕೆ. ಪ್ರದರ್ಶನ ಬೇರೆ ರಾಜ್ಯಕ್ಕೆ ಹೋಗಬಾರದೆಂಬುದು. ಈ ಭಯ ಎಲ್ಲಿಂದ ಬಂತೆಂಬುದು ನಮಗೆ ತಿಳಿದಿದೆ. 2018ರಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿಗಳು ಪ್ರದರ್ಶನವನ್ನು ಲಖನೌಗೆ ಕೊಡಿ ಎಂದು ಕೇಳಿದರು. ನಮ್ಮ ರಾಜ್ಯದಲ್ಲಿ ಗದ್ದಲವೆದ್ದಿತು. ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳೂ ಒಂದೇ ದನಿಯಲ್ಲಿ ಕನ್ನಡನಾಡಿಗೆ ಅನ್ಯಾಯ ಎಂದವು. ಸೆಪ್ಟೆಂಬರಿನಲ್ಲಿ ರಕ್ಷಣಾ ಇಲಾಖೆ ಪ್ರದರ್ಶನ ಬೆಂಗಳೂರಿನಲ್ಲೇ ಎಂದು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು.

ಬೆಂಗಳೂರಿಗೆ ಆ ಹಕ್ಕು ಇದೆಯೆಂಬುದನ್ನು ನಾವೂ ಒಪ್ಪುತ್ತೇವೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ತೆರೆದಾಗ ಮೈಸೂರು ಸರ್ಕಾರವೂ ಬಂಡವಾಳ ಹಾಕಿತ್ತು. ಆ ಬಂಡವಾಳ ಎಲ್ಲಿಯದು? ಈ ಸೀಮೆಯ ರೈತ ಕೊಟ್ಟ ಕಂದಾಯವೂ ಅದರಲ್ಲಿತ್ತು. 1961ರಲ್ಲಿ ಮಾರುತ್ ಯುದ್ಧವಿಮಾನ ಹಾರಿದ್ದು ಅದೇ ಕಾರ್ಖಾನೆಯಿಂದ. ಆದರೆ ಕಾರ್ಖಾನೆಯನ್ನು ಉಳಿಸಿಕೊಳ್ಳುವುದು ಬೇರೆ, ಐದು ದಿನದ ಶಾಮಿಯಾನವನ್ನು ಉಳಿಸಿಕೊಳ್ಳುವುದು ಬೇರೆ. ಶಾಮಿಯಾನ ಹೋದೀತೆಂದು ಕೂಗಿದ ಗಂಟಲುಗಳು, ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವನ ಕೆಲಸ ಖಾಯಂ ಆಗಲೆಂದು ಎಂದಾದರೂ ಅಷ್ಟು ಜೋರಾಗಿ ಕೂಗಿದ್ದುಂಟೇ?

ಈ ಹೋಗಿಬಿಡುತ್ತೇವೆಂಬ ಬೆದರಿಕೆ ನಮಗೆ ಹೊಸದಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನೋದ್ಯಮದ ಪಾರ್ಕಿಗೆಂದು 1,777 ಎಕರೆ ಕಿತ್ತುಕೊಳ್ಳಹೊರಟರು. ರೈತರು ಮೂರು ವರ್ಷಕ್ಕೂ ಮಿಕ್ಕಿ ಕದಲದೆ ಕುಳಿತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಬೆನ್ನಿಗೇ ಆಂಧ್ರದ ಮಂತ್ರಿ ನಾರಾ ಲೋಕೇಶ್, ನಮ್ಮ ಬಳಿ ಬೇಕಾದಷ್ಟು ಜಮೀನಿದೆ ಬನ್ನಿ ಎಂದು ಕಂಪನಿಗಳನ್ನು ಕರೆದರು. ಒಂದು ರಾಜ್ಯದ ರೈತನನ್ನು ಇನ್ನೊಂದು ರಾಜ್ಯದ ಹೆಸರಿನಲ್ಲಿ ಹೆದರಿಸುವ ಆಟವಿದು. ಗಡಿಯಾಚೆ ಮಡಕಶಿರೆಯಲ್ಲಿರುವವರೂ ನಮ್ಮ ನೆಂಟರೇ. ಅವರ ಹೊಲ ಹೋದರೆ ನಮಗೆ ಗೆಲುವಲ್ಲ.

ಪ್ರದರ್ಶನದ ಮಳಿಗೆಯಲ್ಲಿ ಕಾಣುವ ಪ್ರತಿಯೊಂದಕ್ಕೂ ಎಲ್ಲೋ ಒಂದು ಕಡೆ ನೆಲ ಬೇಕು. ನೆರೆಯ ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ಕೇಳಿ. ದನ ಕುರಿ ಮೇಯುತ್ತಿದ್ದ ಆ ಬಯಲಿನಲ್ಲಿ ಈಗ ಬೇಲಿ ಎದ್ದಿದೆ. ಅಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತದೆ. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ ಒಂದು, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ಇನ್ನೊಂದು ಹೊಲಕ್ಕೆ ಬಿದ್ದವು. ಚೀಟಿ ಕೊಳ್ಳದೆಯೇ ನಮ್ಮ ರೈತರು ನೋಡಿದ ವೈಮಾನಿಕ ಪ್ರದರ್ಶನ ಅದು. (ನಗು)

ಹಾಗಾದರೆ ಏನು ಮಾಡಬೇಕು?

ಮುಂದೆ ಕುಳಿತಿರುವ ಹುಡುಗನೊಬ್ಬ ಕೇಳುತ್ತಿದ್ದಾನೆ: “ಮೇಷ್ಟ್ರೇ, ಹಂಗಾದ್ರೆ ವಿಮಾನವೇ ಬೇಡ್ವಾ?” ಒಳ್ಳೆಯ ಪ್ರಶ್ನೆ. ನಾವು ವಿಮಾನದ ವೈರಿಗಳಲ್ಲ. ಅದನ್ನು ಕಟ್ಟಿದ ಕಾರ್ಮಿಕನ ಕೈಗೆ, ಹಾರಿಸುವ ಯುವಕನ ಧೈರ್ಯಕ್ಕೆ ನಮ್ಮ ನಮಸ್ಕಾರವಿದೆ. ಹಳ್ಳಿಯ ಹುಡುಗ ಆಕಾಶ ನೋಡಿ ಕನಸು ಕಾಣುವುದನ್ನು ತಡೆಯುವವನು ಮೇಷ್ಟರೇ ಅಲ್ಲ. ಆ ಕನಸನ್ನು ಹೊಗೆಯ ಗೆರೆಯಲ್ಲಿ ಮುಗಿಸಿ ಕಳಿಸುವುದಕ್ಕೆ ಮಾತ್ರ ನಮ್ಮ ವಿರೋಧ.

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ಎರಡು ಸಲವೂ ಪ್ರಧಾನಮಂತ್ರಿಗಳೇ ಬಂದರು. ನಮ್ಮ ಜಿಲ್ಲೆಯ ನೆಲದಲ್ಲಿಯೇ ಹೆಲಿಕಾಪ್ಟರ್ ಕಟ್ಟುವ ಶಾಲೆ ನಿಂತಿರುವಾಗ, ಹಾರಾಟ ನೋಡಲು ಯಲಹಂಕದ ಬೇಲಿಗೆ ನೇತಾಡುವುದೇಕೆ? ಆ ಕಾರ್ಖಾನೆಯ ಬಾಗಿಲನ್ನು ವರ್ಷಕ್ಕೆ ಕೆಲವು ದಿನವಾದರೂ ನಮ್ಮ ಮಕ್ಕಳಿಗೆ ತೆರೆಯಲಿ. ರೆಕ್ಕೆ ಏಕೆ ತಿರುಗುತ್ತದೆ, ತಿರುಗಿದರೆ ಏಕೆ ಮೇಲೇಳುತ್ತದೆ, ಒಂದು ತಿರುಪು ಸಡಿಲಾದರೆ ಏನಾಗುತ್ತದೆ ಎಂಬುದನ್ನು ಅಲ್ಲಿಯ ಕೆಲಸಗಾರನೇ ಹೇಳಿಕೊಡಲಿ. ಐದು ನಿಮಿಷದ ಕಸರತ್ತು ಕೊಡದ ವಿದ್ಯೆಯನ್ನು ಅರ್ಧ ದಿನದ ಆ ಪಾಠ ಕೊಟ್ಟೀತು.

ಆದ್ದರಿಂದ ಮನವಿಪತ್ರವನ್ನು ಹರಿಯಬೇಡಿ, ತಿದ್ದಿ ಬರೆಯಿರಿ ಎಂಬುದು ನಮ್ಮ ಸಲಹೆ. ಈ ಸಾಲುಗಳಿರಲಿ:

ಊರು ಕೇರಿಗಳ ಮೇಲೆ, ಜನಜಂಗುಳಿಯ ಸಮೀಪದಲ್ಲಿ, ರೆಕ್ಕೆಗೆ ರೆಕ್ಕೆ ಸೇರಿಸಿ ಲಾಗ ಹಾಕುವ ಕಸರತ್ತು ನಿಲ್ಲಲಿ; ಗಣರಾಜ್ಯೋತ್ಸವದಂಥ ದಿನಗಳಲ್ಲಿ ನೇರ ಸಾಲಿನ ಹಾರಾಟ ಸಾಕು. ಯಲಹಂಕ ಈಗ ಊರಾಚೆಯ ಬಯಲಲ್ಲ. ಸುತ್ತ ಮನೆಗಳು ತುಂಬಿವೆ.

ಶಸ್ತ್ರಾಸ್ತ್ರದ ಸಂತೆ ನಡೆಯಬೇಕಾದರೆ ಅದನ್ನು ಸಂತೆಯೆಂದೇ ಕರೆಯಲಿ. ಪ್ರತಿ ಪ್ರದರ್ಶನಕ್ಕೂ ಸರ್ಕಾರ ಎಷ್ಟು ಖರ್ಚು ಮಾಡಿತು, ಕಂಪನಿಗಳಿಂದ ಎಷ್ಟು ಬಂತು, ಹಿಂದಿನ ಪ್ರದರ್ಶನದಲ್ಲಿ ಸಾರಿದ ಕರಾರುಗಳಲ್ಲಿ ಎಷ್ಟು ಕೈಗೂಡಿದವು ಎಂಬ ಲೆಕ್ಕವನ್ನು ಲೋಕಸಭೆಯ ಮುಂದಿಡಲಿ.

ಜನ ಸೇರಿಸುವುದಾದರೆ ನೀರು, ನೆರಳು, ಹೊರಹೋಗುವ ದಾರಿ, ವೈದ್ಯರು ಎಲ್ಲವೂ ಸಿದ್ಧವಾದ ಮೇಲೆಯೇ ಅನುಮತಿ ಕೊಡಲಿ. ಅಂಗಡಿ ಮುಚ್ಚಿಸಿದವರಿಗೆ ಆ ದಿನಗಳ ಪರಿಹಾರ ಕೊಡಲಿ.

ಕೊನೆಯದಾಗಿ, ಗುಬ್ಬಿಯ ಕಾರ್ಖಾನೆಯ ಬಾಗಿಲು ಜಿಲ್ಲೆಯ ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಿಟ್ಟಿಯಾಗಿ ತೆರೆಯಲಿ. ಈ ಜಿಲ್ಲೆಯ ಎಷ್ಟು ಮಕ್ಕಳಿಗೆ ಅಲ್ಲಿ ತರಬೇತಿ ಮತ್ತು ಕೆಲಸ ಸಿಕ್ಕಿದೆಯೆಂಬ ಪಟ್ಟಿಯನ್ನು ವರ್ಷ ವರ್ಷವೂ ಪ್ರಕಟಿಸಲಿ.

ಬಂಧುಗಳೇ, ವೈಮಾನಿಕ ಪ್ರದರ್ಶನ ಇನ್ನೆಷ್ಟು ವರ್ಷ ನಡೆಯುವುದೋ, ಯಾವ ಊರಿನಲ್ಲಿ ನಡೆಯುವುದೋ ಹೇಳಬರುವಂತಿಲ್ಲ. ಅದರ ತೀರ್ಮಾನ ದೆಹಲಿಯ ಕಚೇರಿಗಳಲ್ಲಿ, ವ್ಯಾಪಾರಿಗಳ ಅನುಕೂಲ ನೋಡಿ ಆಗುತ್ತಾ ಬಂದಿದೆ. ಪೈಲಟ್‌ನ ಮನೆಯವರ ಮಾತೂ ಬೇಲಿಯಾಚೆ ನಿಂತವರ ಮಾತೂ ಆ ತೀರ್ಮಾನದಲ್ಲಿ ಸೇರಬೇಕು. ಗೌಡಗೆರೆಯಿಂದ ಹೋಗುವ ಒಂದು ಕಾಗದಕ್ಕೆ ದೆಹಲಿ ನಡುಗುವುದಿಲ್ಲ. ಅಷ್ಟು ನಮಗೆ ಗೊತ್ತು. ಚನ್ನರಾಯಪಟ್ಟಣದ ರೈತರ ಮೊದಲ ಕಾಗದಕ್ಕೂ ಯಾರೂ ನಡುಗಿರಲಿಲ್ಲ.

ಅಂದು ಅಂಗಿ ಜಗ್ಗಿ ಪ್ರಶ್ನೆ ಕೇಳಿದ ಹುಡುಗ ಈಗ ಐ.ಟಿ.ಐ. ಮುಗಿಸಿ ಫಿಟ್ಟರ್ ಆಗಿದ್ದಾನೆ. ಕೆಲಸ ಹುಡುಕುತ್ತಿದ್ದಾನೆ. ಈ ಸಭೆಯ ಹಿಂದಿನ ಸಾಲಿನಲ್ಲಿಯೇ ನಿಂತಿದ್ದಾನೆ; ಹೆಸರು ಹೇಳಿ ಅವನಿಗೆ ನಾಚಿಕೆ ಮಾಡುವುದಿಲ್ಲ. ವಿಮಾನದೊಳಗೆ ಯಾರಿದ್ದಾರೆಂದು ಕೇಳಿದವನಿಗೆ ವಿಮಾನದ ಕಾರ್ಖಾನೆಯೊಳಗೆ ಹೋಗುವ ದಾರಿ ಸಿಗಬೇಕು. ಆ ಸಾಲನ್ನು ಮನವಿಗೆ ಸೇರಿಸಿ ತನ್ನಿರಿ. ಮೊದಲ ರುಜು ನಾವೇ ಹಾಕುತ್ತೇವೆ.